ಮುಂಬಯಿ ಬಂದರಿನಲ್ಲಿ ಸಿಕ್ಕಿಬಿದ್ದ ನಮ್ಮ ಗಿರಣಿಯ ಕ್ರ್ಯಾಂಕು

ಹೊರಗಿನಿಂದ ಕಬ್ಬಿಣದ ಸಾಮಾನು ತರಿಸುವವರಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಅಂಗಡಿಯವನು ಹೇಳುವ ಬೆಲೆ ಒಂಟಿ ವರನ ಹಾಗೆ ಇರುತ್ತದೆ. ಸಾಮಾನು ನಮ್ಮ ಬಾಗಿಲಿಗೆ ಬಂದು ಇಳಿಯುವ ಹೊತ್ತಿಗೆ ಆ ಬೆಲೆಯ ಹಿಂದೆ ಬೀಗರು, ಬೀಗರ ಬೀಗರು, ವಾಲಗದವರು ಎಲ್ಲರೂ ಕೂಡಿ ಬಂದಿರುತ್ತಾರೆ.

ನಮ್ಮದು ಆಳಂದ ತಾಲೂಕಿನಲ್ಲಿ ಹಿರೋಳ್ಳಿಯ ಆಚೆಗಿನ ಸಣ್ಣ ಊರು. ಕರು ಕಣ್ಣಿ ಹರಿದುಕೊಂಡರೆ ಮಹಾರಾಷ್ಟ್ರದಲ್ಲಿ ಹುಡುಕಬೇಕು. ಊರಿಗೆ ಒಂದೇ ಹಿಟ್ಟಿನ ಗಿರಣಿ. ಅದರೊಳಗೆ ನಮ್ಮ ದೊಡ್ಡಪ್ಪ ಹಾಕಿಸಿದ ವಿಲಾಯತಿ ಇಂಜಿನ್ನು. ದೊಡ್ಡಪ್ಪನ ಮಗ, ಅಂದರೆ ನಮ್ಮ ಅಣ್ಣ, ಲಿಂಗೈಕ್ಯನಾದ ಮೇಲೆ ಗಿರಣಿಯನ್ನು ನಡೆಸಿದವರು ಆತನ ಹೆಂಡತಿ, ನಮ್ಮ ವೈನಿ. ನಾನು ಊರ ಸಾಲೆಯಲ್ಲಿ ಏಳನೆಯ ಇಯತ್ತೆ ಕಲಿತು ಹೊಲ ಮಾಡಿಕೊಂಡಿದ್ದವನು. ಮರಾಠಿ ಬೋರ್ಡು ಓದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ, ಸಾಮಾನು ತರುವಾಗಲೆಲ್ಲ ವೈನಿ ನನ್ನನ್ನು ಸಂಗಡ ಕರೆದುಕೊಂಡು ಹೋಗುತ್ತಿದ್ದರು. ಆದ್ದರಿಂದ ಕೆಳಗಿನವೆಲ್ಲ ಕಂಡ ಮಾತು, ಕೇಳಿದ್ದಲ್ಲ.

ಸೀಟು ಹಿಡಿದ ಗಾಲಿ

ಜೇವರ್ಗಿಯಲ್ಲಿ ಒಂದು ಗಿರಣಿ ಮುಚ್ಚಿತ್ತು. ಅಲ್ಲಿಯ ಪಟ್ಟಾ, ಅಂದರೆ ಬೆಲ್ಟು, ಹಾಕುವ ಕಬ್ಬಿಣದ ಗಾಲಿ ಅಗ್ಗಕ್ಕೆ ಸಿಕ್ಕಿತು. ಎತ್ತಿಕೊಂಡು ಬಂದು ಬಸ್ಸಿಗೆ ಹಾಕಿದೆವು. ಕಂಡಕ್ಟರ್ ಅದನ್ನು ಸುತ್ತಲೂ ನೋಡಿ, “ಇದಕ್ಕ ಒಂದಾಳಿನ ಪೂರಾ ಟಿಕೆಟ್ ಆಗ್ತದ್ರಿ” ಎಂದ.

ನಾನು ಜಗಳಕ್ಕೆ ನಿಂತೆ. ವೈನಿ ಸುಮ್ಮನೆ ಸಂಚಿ ಬಿಚ್ಚಿ ರೊಕ್ಕ ಕೊಟ್ಟರು. ಟಿಕೆಟು ಇಸಿದುಕೊಂಡು ಗಾಲಿಯ ನಡುವಿನ ತೂತಿನಲ್ಲಿ ಸಿಕ್ಕಿಸಿದರು. “ತಮ್ಮಾ, ಗಾಲಿನ್ನ ಎತ್ತಿ ಸೀಟಿನ ಮ್ಯಾಲ ಕುಂಡ್ರಸು” ಎಂದರು.

“ಬಾಯಾರ, ಸಾಮಾನು ಕೆಳಗ ಇಡಬೇಕ್ರಿ!”

“ಅರ್ಧ ಟಿಕೆಟ್ ಹರದಿದ್ರ ನಾನ ತೊಡಿ ಮ್ಯಾಲ ಕುಂಡ್ರಸ್ಕೋತಿದ್ದೆ. ನೀವು ಪೂರಾ ಹರದೀರಿ.”

ಗಾಲಿ ಕಿಟಕಿಯ ಕಡೆ ಕುಳಿತಿತು. ಫರತಾಬಾದಿನಲ್ಲಿ ಇಸ್ತ್ರಿ ಅಂಗಿಯವನೊಬ್ಬ ಹತ್ತಿ “ಸ್ವಲ್ಪ ಅತ್ತ ಸರೀರಿ” ಎಂದವನು, ಅತ್ತ ನೋಡಿ ಕೈಮುಗಿದು ಕಂಬಿ ಹಿಡಿದು ನಿಂತ. ಮುಂದೆ ಚೆಕಿಂಗಿನವರು ಬಸ್ಸು ನಿಲ್ಲಿಸಿದರು. ಮಂದಿ ಕಿಸೆ ತಡಕಿದರು, ಸೀರೆಯ ಸೆರಗಿನ ಗಂಟು ಬಿಚ್ಚಿದರು, ಒಬ್ಬನಂತೂ ರುಮಾಲನ್ನೇ ಬಿಚ್ಚಿ ಝಾಡಿಸಿದ. ಚೆಕಿಂಗಿನ ಸಾಹೇಬರು ಗಾಲಿಯ ತೂತಿನಿಂದ ಟಿಕೆಟು ತೆಗೆದು, ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿ ಹೇಳಿದರು: “ಇಡೀ ಬಸ್ಸಿನಾಗ ಟಿಕೆಟ್ ಜ್ವಾಕಿ ಮಾಡಿದಾವ ಇವನೊಬ್ಬನ ನೋಡ್ರಿ!”

ಅಫಜಲಪುರದ ಬಾಡಿಗೆ ಮನೆ

ಗಾಲಿ ಬಂತು, ಪಟ್ಟಾ ಹರಿಯಿತು. ಸೊಲ್ಲಾಪುರದಿಂದ ಹೊಸ ಪಟ್ಟಾವನ್ನು ಲಾರಿಯಲ್ಲಿ ಆಳಂದಕ್ಕೆ ಹಾಕಿಸಿದೆವು. ಲಾರಿಯವನಿಗೆ ನಡುವೆ ಅಫಜಲಪುರದ ಲೋಡು ಸಿಕ್ಕಿತಂತೆ. ಅವನು ಆ ಕಡೆ ಹೋಗಿ ನಮ್ಮ ಪಟ್ಟಾವನ್ನೂ ಅಲ್ಲಿಯ ಗೋದಾಮಿನಲ್ಲೇ ಇಳಿಸಿದ. ಸುದ್ದಿ ಮುಟ್ಟಿ ನಾವು ಅಲ್ಲಿಗೆ ಹೋಗುವ ಹೊತ್ತಿಗೆ ಗೋದಾಮಿನ ಬಾಡಿಗೆ ಏರಿತ್ತು.

“ಇಲ್ಲಿ ಇಡ್ರಿ ಅಂತ ನಾವೇನು ಹೇಳಿದ್ದಿಲ್ಲಲ್ರಿ?” ಎಂದೆ.

“ನೀವು ಹೇಳಿಲ್ರಿ, ನಾವು ಇಟ್ಟೇವಿ. ಇಟ್ಟಮ್ಯಾಲ ಬಾಡಿಗಿ ಬ್ಯಾಡೇನ್ರಿ?” ಎಂದ ಮ್ಯಾನೇಜರ್.

ವೈನಿ ಕೇಳಿದರು, “ಈ ಬಾಡಿಗಿ ಎಲ್ಲಿತನಕದ್ದು?”

“ಇವತ್ತು ಸಂಜೀತನಕದ್ದು ಬಾಯಾರ.”

ವೈನಿ ರೊಕ್ಕ ಕೊಟ್ಟರು. ಕೊಟ್ಟು, ಮೂಲೆಯ ಕಸಬರಿಗೆ ತೆಗೆದುಕೊಂಡು ಪಟ್ಟಾದ ಸುತ್ತಲಿನ ಜಾಗ ಗುಡಿಸಿ, ಕಂಬಳಿ ಹಾಸಿದರು. “ತಮ್ಮಾ, ನಿನ್ನ ಪೂಜಿ ಆಗಿಲ್ಲಲ್ಲ. ಇಲ್ಲೇ ಮಾಡ್ಕೋ. ಸಂಜೀತನಕಾ ಈ ಜಾಗಾ ನಮ್ಮದದ.”

ನಾನು ಹಿಂದಿನ ಬಾವಿಯಲ್ಲಿ ಮೈ ತೊಳೆದು, ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಶಿವನಾಣೆ, ನಾನು ಬೇಕೆಂದು ತಡ ಮಾಡಲಿಲ್ಲ. ನನ್ನ ಪೂಜೆಯೇ ಅಷ್ಟು ಉದ್ದ. ಮನೆಯವಳು ದಿನಾಲೂ ಅದನ್ನೇ ಅನ್ನುತ್ತಾಳೆ. ಆದರೆ ಚೀಲ ಹೊತ್ತ ಹಮಾಲರು ಪೂಜೆಗೆ ಕುಳಿತವನನ್ನು ದಾಟಲು ಒಪ್ಪದೆ ಬಾಗಿಲಲ್ಲೇ ನಿಂತರು. ಹೊರಗೆ ಲಾರಿಗಳು ಹಾರ್ನ್ ಹೊಡೆದವು. ಮ್ಯಾನೇಜರ್ ಓಡಿಹೋಗಿ “ಸದ್ದು ಮಾಡಬ್ಯಾಡ್ರೋ, ಅಜ್ಜಾರು ಪೂಜಿಗಿ ಕುಂತಾರ” ಎಂದು ಅವರ ಬಾಯಿ ಮುಚ್ಚಿಸಿದ. ನನಗೆ ಆಗ ಇನ್ನೂ ನಲವತ್ತು ದಾಟಿರಲಿಲ್ಲ.

ಪೂಜೆ ಮುಗಿಯಿತು. ಬುತ್ತಿ ಬಿಚ್ಚಿದೆವು. ಊಟವಾದ ಮೇಲೆ ವೈನಿ ಒಂದು ಗಂಟನ್ನು ತಲೆದಿಂಬು ಮಾಡಿಕೊಳ್ಳುವುದನ್ನು ಕಂಡದ್ದೇ ಮ್ಯಾನೇಜರ್ ಇಸಿದುಕೊಂಡಿದ್ದ ರೊಕ್ಕವನ್ನು ಎರಡೂ ಕೈಯಲ್ಲಿ ಹಿಡಿದು ಬಂದು ನಿಂತ.

“ತಾಯಿ, ಬಾಡಿಗಿ ವಾಪಸ್ ತಗೋರಿ. ಮನೀ ಖಾಲಿ ಮಾಡ್ರಿ.”

ಮುರಿದದ್ದಕ್ಕೂ ಜಕಾತಿ

ಒಂದು ಬೇಸಿಗೆಯಲ್ಲಿ ಇಂಜಿನ್ನಿನ ಕ್ರ್ಯಾಂಕೇ ಮುರಿಯಿತು. ಕ್ರ್ಯಾಂಕು ಇಂಜಿನ್ನಿನ ಬೆನ್ನೆಲುಬು. ಅದಿಲ್ಲದೆ ಉಳಿದದ್ದೆಲ್ಲ ಬರಿ ತೂಕ. ಹೆಂಗಸರು ಅಟ್ಟದಿಂದ ಬೀಸುಕಲ್ಲು ಇಳಿಸಿದರು, ಬೈಗುಳವನ್ನೂ ಇಳಿಸಿದರು. ಬೆಸೆದುಕೊಡುವರೇನೋ ಎಂದು ನಾವು ಮುರಿದ ಕ್ರ್ಯಾಂಕನ್ನು ಗೋಣಿಚೀಲದಲ್ಲಿ ಸುತ್ತಿ ಸೊಲ್ಲಾಪುರಕ್ಕೆ ಒಯ್ದೆವು. ಆಗ ಆ ಊರ ಬಾಯಿಗೆ ಜಕಾತಿ ನಾಕಾ ಇತ್ತು. ಒಳಗೆ ಹೋಗುವ ಮಾಲಿಗೆಲ್ಲ ತೆರಿಗೆ.

“ಮುರದದ್ರಿ ಸಾಹೇಬ್ರ. ರಿಪೇರಿಗೆ ಒಯ್ಯಾಕತ್ತೇವಿ” ಎಂದೆ.

ನಾಕಾದ ಗುಮಾಸ್ತ ಚೀಲ ಬಿಚ್ಚಿ ನೋಡಿ, “ವಿಲಾಯತಿ ಮಾಲ್ ಅದ” ಎಂದು ಒಂದು ಕಿಮ್ಮತ್ತು ಹೇಳಿದ. ಅದು ನಮ್ಮ ಹೊಸ ಎತ್ತಿನ ಜೋಡಿಗಿಂತ ಮೇಲಿತ್ತು. ಆ ಕಿಮ್ಮತ್ತಿನ ಮೇಲೆ ಜಕಾತಿ.

ವೈನಿ ಮುಂದೆ ಬಂದರು. “ಖರೇನ ಅಷ್ಟು ಬಾಳ್ತದೇನ್ರಿ ಇದು?”

“ಬಾಳ್ತದ ಬಾಯಿ. ನಾನು ದಿನಾ ನೋಡಾವ.”

“ಭಾಳ ಛಲೋ ಆತು. ಅರ್ಧಕ್ಕ ಕೊಡ್ತೇನಿ, ನೀವ ತಗೋರಿ.”

ಹಿಂದೆ ಪಾಳಿಯಲ್ಲಿ ನಿಂತಿದ್ದವರು ಗೊಳ್ಳೆಂದು ನಕ್ಕರು. ಸೈಕಲ್ ಮೇಲೆ ಹಳೆ ಕಬ್ಬಿಣ ಕೊಳ್ಳುವ ಭಂಗಾರದವನೊಬ್ಬ ಅಲ್ಲೇ ಇದ್ದ. ಅವನು ಬಗ್ಗಿ, ಬೆರಳಲ್ಲಿ ಬಡಿದು ನೋಡಿ, ತೂಕದ ಲೆಕ್ಕದಲ್ಲಿ ಒಂದು ದರ ಕೂಗಿದ. ಅದು ಎರಡು ಕೋಳಿಯ ಬೆಲೆಯೂ ಆಗಲಿಲ್ಲ. ಗುಮಾಸ್ತ ಬೆವರೊರೆಸಿಕೊಂಡು, ಅದೇ ದರಕ್ಕೆ ಜಕಾತಿ ಚೀಟಿ ಹರಿದು ನಮ್ಮನ್ನು ಬಿಟ್ಟ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಭಂಗಾರದವನಿಗೆ ಆ ಕಬ್ಬಿಣದ ಮೇಲೆ ಮನಸ್ಸಾಗಿಬಿಟ್ಟಿತ್ತು. ನಮ್ಮ ಟಾಂಗಾದ ಹಿಂದೆ ಸೈಕಲ್ ತುಳಿಯುತ್ತ ಬಂದ. ಪ್ರತಿ ಚೌಕಿನಲ್ಲೂ ದರ ಏರಿಸಿದ. ಲೇಥ್ ಕಾರಖಾನೆಯ ಬಾಗಿಲು ಬಂದಾಗ ಅವನು ಕೂಗಿದ ಬೆಲೆ ಕೇಳಿ ವೈನಿ ನನ್ನ ತೋಳು ಹಿಡಿದು ಎಳೆದರು: “ತಮ್ಮಾ, ಜಲ್ದಿ ಒಳಗ ನಡಿ. ಇವ ಇನ್ನೊಂದು ಚೌಕ ಬಂದ್ರ ನಾಕಾದಾವನ ಮಾತ ಖರೇ ಆಗ್ತದ!”

ಒಂದು ಕ್ರ್ಯಾಂಕು, ಹಲವು ಕೈ

ಲೇಥಿನವನು ತಲೆ ಅಲ್ಲಾಡಿಸಿದ. “ಬೆಸುಗಿ ನಿಲ್ಲೂದಿಲ್ಲ. ಹೊಸಾದು ವಿಲಾಯತಿಂದನ ಬರಬೇಕು.” ಸೊಲ್ಲಾಪುರದ ಅಂಗಡಿಯವರೊಬ್ಬರು ತರಿಸಿಕೊಡುತ್ತೇವೆ ಎಂದು ಬೆಲೆ ಹೇಳಿದರು. ಮೇಲಿನ ಖರ್ಚು ಏನೂ ಬಹಳ ಇಲ್ಲ ಎಂದರು. ವೈನಿ ಕೈಯ ಬಂಗಾರದ ಪಾಟ್ಲಿ ಬಿಚ್ಚಿ ಮಾರಿ ಆ ಬೆಲೆ ಕಟ್ಟಿದರು.

ನಮ್ಮ ಮನೆಯ ಹಿರಿಯರಿಗೆ ಇದು ಹಿಡಿಸಲಿಲ್ಲ. ಆಳಂದದ ವ್ಯಾಪಾರಿಯೊಬ್ಬ ಗಿರಣಿಯ ಜಾಗವನ್ನು ಕೇಳುತ್ತಿದ್ದ. ಹಿರಿಯರು ಕೂಡಿ ಹೇಳಿದರು: “ಶ್ರಾವಣ ಮುಗಿಯೂದ್ರಾಗ ಗಿರಣಿ ಸುರು ಆದ್ರ ನಿಂದು. ಇಲ್ಲಂದ್ರ ಮಾರೂದು.” ವೈನಿ ಆಗಲಿ ಎಂದರು.

ಶ್ರಾವಣ ಹತ್ತಿತು. ಆಗ ಬಂದರಿನಲ್ಲಿ ಮಾಲು ಬಿಡಿಸಿಕೊಡುವ ಮುಂಬಯಿಯ ಏಜೆಂಟನಿಂದ ಕಾಗದ ಬಂತು. ಕ್ರ್ಯಾಂಕು ಹಡಗಿನಿಂದ ಇಳಿದಿದೆ, ಸುಂಕ ಮತ್ತು ಖರ್ಚು ಕಟ್ಟಿ ಬಿಡಿಸಿಕೊಳ್ಳಿರಿ ಎಂದು. ಮನೆಯಲ್ಲಿದ್ದ ರೊಕ್ಕವನ್ನೆಲ್ಲ ಸಂಚಿಗೆ ಹಾಕಿಕೊಂಡು, ಬುಟ್ಟಿಯ ತುಂಬ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಕಟ್ಟಿಕೊಂಡು ಇಬ್ಬರೂ ರೈಲು ಹತ್ತಿದೆವು.

ಏಜೆಂಟನದು ಬಂದರಿನ ಹತ್ತಿರ ಒಂದೇ ಕೋಣೆಯ ಆಫೀಸು. ಆತ ಮೂಲ ಅಕ್ಕಲಕೋಟೆ ಕಡೆಯವನು. ಬಾಗಿಲಲ್ಲಿ ಕುಳಿತ ಬಡಕಲು ಜವಾನನೂ ಆ ಕಡೆಯವನೇ. ಇಬ್ಬರೂ ನಮ್ಮ ಕನ್ನಡವನ್ನೇ ಆಡಿದರು. ವೈನಿ ಸರಕಾರದ ಸುಂಕವನ್ನು ಮರುಮಾತಿಲ್ಲದೆ ಕೊಟ್ಟರು. ಏಜೆಂಟನ ಸ್ವಂತ ದಲ್ಲಾಳಿ ದಸ್ತೂರಿಯನ್ನೂ ಕೊಟ್ಟರು. “ನೀವು ಬರದೀರಿ, ಓಡ್ಯಾಡೀರಿ. ಅದು ನಿಮ್ಮ ಕಾಯಕ” ಎಂದರು. ಆಮೇಲೆ ಏಜೆಂಟ್ ಉಳಿದ ಖರ್ಚಿನ ಪಟ್ಟಿ ಓದಿದ. ಕ್ರ್ಯಾಂಕಿನ ಪೆಟ್ಟಿಗೆ ಎತ್ತಿಟ್ಟದ್ದಕ್ಕೆ, ಕಾಗದ ಮೇಜಿಂದ ಮೇಜಿಗೆ ಒಯ್ದದ್ದಕ್ಕೆ, ತಪಾಸಣೆಗೆ ಹಾಜರಿದ್ದದ್ದಕ್ಕೆ. ಇವು ಸಣ್ಣವು. ಕೆಳಗೆ ಎರಡು ದೊಡ್ಡವು: ಪೆಟ್ಟಿಗೆ ಕಾಯ್ದದ್ದಕ್ಕೆ, ಮತ್ತು ಇತರೆ. ನಾನು ಮನಸ್ಸಿನಲ್ಲೇ ಕೂಡಿಸಿದೆ. ಅವೆರಡನ್ನೂ ಕೊಟ್ಟರೆ ಕ್ರ್ಯಾಂಕನ್ನು ಊರಿಗೆ ಒಯ್ಯುವ ಲಾರಿಗೆ ಏನೂ ಉಳಿಯುತ್ತಿರಲಿಲ್ಲ. ಶ್ರಾವಣ ಮಾತ್ರ ಯಾರಿಗೂ ಕಾಯುವುದಿಲ್ಲ. ನಾನು ಗೋಡೆಗೆ ಆತು ಕುಕ್ಕರಗಾಲಲ್ಲಿ ಕುಳಿತುಬಿಟ್ಟೆ.

ವೈನಿ ರೊಟ್ಟಿಯ ಬುಟ್ಟಿ ಬಿಚ್ಚಿದರು.

ಇಲ್ಲಿ ನಮ್ಮ ಗಿರಣಿಯ ಪದ್ಧತಿಯನ್ನು ಹೇಳಬೇಕು. ದೊಡ್ಡಪ್ಪನ ಕಾಲದಿಂದ, ದುಡಿದವನ ಕೂಲಿಯನ್ನು ಇನ್ನೊಬ್ಬನ ಕೈಯಲ್ಲಿ ಕಳಿಸುವುದಿಲ್ಲ. ಮೊದಲು ಉಣ್ಣಲಿಕ್ಕೆ ಇಕ್ಕಿ, ಆಮೇಲೆ ಅವನ ಅಂಗೈಯಲ್ಲೇ ಇಡುವುದು.

“ಪೆಟಗಿ ಎತ್ತಿಟ್ಟಾವನ್ನ ಕರೀರಿ ಸಾಹೇಬ್ರ” ಎಂದರು ವೈನಿ. “ಉಣ್ಣಿಸಿ ಕೊಡ್ತೇನಿ.”

“ಅಷ್ಟ್ಯಾಕ ತ್ರಾಸ ಬಾಯಾರ, ನನ್ನ ಕೈಯಾಗ ಕೊಡ್ರಿ, ನಾ ಮುಟ್ಟಸ್ತೇನಿ.”

“ಹಂಗ ಕೊಟ್ರ ನಮ್ಮ ಮಾವನವರ ಮಾತು ಮುರದಂಗ ಆಗ್ತದ್ರಿ.”

ಏಜೆಂಟ್ ಅತ್ತ ಇತ್ತ ನೋಡಿ ಜವಾನನಿಗೆ ಸನ್ನೆ ಮಾಡಿದ. ಜವಾನ ಒಳಗೆ ಬಂದು ಕುಳಿತ. ವೈನಿ ಕಾಗದ ಹಾಸಿ ಎರಡು ರೊಟ್ಟಿ, ಹಿಂಡಿ ಇಟ್ಟರು. ಅವನು ಹಸಿದಿದ್ದ, ಗಬಗಬ ತಿಂದ. ವೈನಿ ಅವನ ಅಂಗೈಯಲ್ಲಿ ರೊಕ್ಕ ಇಟ್ಟರು. ಅವನು ಕಣ್ಣಿಗೊತ್ತಿಕೊಂಡು ಹೊರಗೆ ಹೋದ.

“ಕಾಗದಾ ಒಯ್ದಾವ?”

ಏಜೆಂಟ್ ಹೊರಗೆ ಹೋಗಿ ಏನೋ ಗುಸುಗುಸು ಮಾಡಿ ಬಂದ. ಸ್ವಲ್ಪ ಹೊತ್ತಿಗೆ ಒಬ್ಬ ಒಳಗೆ ಬಂದ. ಅದೇ ಜವಾನ, ತಲೆಗೆ ಒಂದು ಬಿಳಿ ಟೊಪ್ಪಿಗೆ. ನಾನು ಬಾಯಿ ತೆರೆದೆ. ವೈನಿ ನನ್ನತ್ತ ಒಮ್ಮೆ ನೋಡಿದರು, ನಾನು ಮುಚ್ಚಿದೆ. “ಬಾರೋ ಯಪ್ಪಾ, ಕುಂಡ್ರು. ಎಷ್ಟು ದಣದೀದಿ” ಎಂದು ಮತ್ತೆ ಎರಡು ರೊಟ್ಟಿ ಇಟ್ಟರು. ಅವನು ನಿಧಾನಕ್ಕೆ ತಿಂದ. ನಡುನಡುವೆ ನೀರು ಕುಡಿದ. ರೊಕ್ಕ ಇಸಿದುಕೊಂಡು ಹೋದ.

“ತಪಾಸಣಿಗೆ ನಿಂತಾವ?”

ಈ ಸಲ ಟೊಪ್ಪಿಗೆಯ ಸಂಗಡ ಏಜೆಂಟನ ಚಾಳೀಸು ಕನ್ನಡಕವೂ ಬಂತು. ಆ ಸೆಕೆಯಲ್ಲಿ ಕೊರಳಿಗೊಂದು ಮಫ್ಲರು. ಚಾಳೀಸಿನಿಂದ ಕಣ್ಣು ಕಾಣದೆ ಜವಾನ ನನ್ನ ತೊಡೆಯ ಮೇಲೇ ಕೂಡಲು ಹೋದ. ವೈನಿ ಎರಡು ರೊಟ್ಟಿ ಇಟ್ಟು, ಮೇಲೊಂದು ಸೇರಿಸಿದರು. “ಸಾಕ್ರೀ ಬಾಯಾರ” ಎಂದ ಅವನು, ಕ್ಷೀಣ ದನಿಯಲ್ಲಿ.

“ಹಂಗಂದ್ರ ಹ್ಯಾಂಗ? ಮೊದಲಿನಿಬ್ಬರು ಹೊಟ್ಟಿತುಂಬ ಉಂಡ್ರು. ನೀನೇನು ಪಾಪ ಮಾಡೀದಿ?”

ಹೇಗೋ ತಿಂದ. ರೊಕ್ಕ ಇಸಿದುಕೊಂಡ. ಆದರೆ ಏಳಲಿಲ್ಲ. ಗೋಡೆ ಹಿಡಿದು ಕುಳಿತೇ ಇದ್ದ.

ವೈನಿ ಬುಟ್ಟಿಯಲ್ಲಿ ಕೈಯಾಡಿಸುತ್ತ ಕೇಳಿದರು: “ಇನ್ನ ಪೆಟಗಿ ಕಾಯ್ದಾವ ಬರ್ಲಿ. ಅವಗಂತೂ ನಾಕು ರೊಟ್ಟಿ ಇಡಬೇಕು. ಎಷ್ಟು ದಿವಸ ಕಾದಾನ, ಪಾಪ.”

ಏಜೆಂಟ್ ಜವಾನನತ್ತ ನೋಡಿದ. ಜವಾನ ಚಾಳೀಸು ತೆಗೆದು ಮೇಜಿನ ಮೇಲಿಟ್ಟ. ಟೊಪ್ಪಿಗೆ ತೆಗೆದು ಸಾಹೇಬರ ಮುಂದೆ ಹಿಡಿದ.

“ಸಾಹೇಬ್ರ, ಈ ಪಾಳಿಗೆ ನೀವ ಹಾಕ್ಕೊಂಡು ಬರ್ರಿ. ನನ್ನ ಕೈಲಿ ಇನ್ನ ಆಗೂದಿಲ್ಲ.”

ಏಜೆಂಟ್ ನಗಲು ಹತ್ತಿದವನು ನಿಲ್ಲಿಸಲೇ ಇಲ್ಲ. ಕಣ್ಣೊರೆಸಿಕೊಂಡು ಪಟ್ಟಿಯ ಕೆಳಗಿನ ಎರಡು ಖರ್ಚನ್ನೂ ಹೊಡೆದುಹಾಕಿದ. ತಾನೂ ಕೆಳಗೆ ಕುಳಿತು ಒಂದು ರೊಟ್ಟಿ ಮುರಿದ. ಕ್ರ್ಯಾಂಕು ಅಂದೇ ಹೊರಬಂತು. ಶ್ರಾವಣದ ಕಡೆಯ ಸೋಮವಾರ ಮಠದ ದಾಸೋಹದ ಹಿಟ್ಟನ್ನು ನಮ್ಮ ಗಿರಣಿಯೇ ಬೀಸಿತು. ಮಾರುವ ಮಾತನ್ನು ಹಿರಿಯರು ಆಮೇಲೆ ಎತ್ತಲಿಲ್ಲ. ಅಂಥ ಹೆಣ್ಣುಮಗಳು ನಮ್ಮ ಮನೆಗೆ ಬಂದದ್ದು ಶಿವನ ದಯೆ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಗೇಟ್ ಪಾಸಿಗೆ ಸಹಿ ಹಾಕುತ್ತ ಏಜೆಂಟ್ ಹೇಳಿದ್ದ: “ಬಾಯಾರ, ಮುಂದ ಏನರೆ ತರಿಸೂದಿದ್ರ ಮೊದಲ ತಿಳಸ್ರಿ. ಅವತ್ತು ಬಾಗಲಾ ಹಾಕಿ ಆಫೀಸಿಗೆ ಸೂಟಿ ಕೊಟ್ಟುಬಿಡ್ತೇನಿ.”

ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದ ಜವಾನ ಗಾಬರಿಯಾಗಿ ಎದ್ದು ನಿಂತ.

“ಸೂಟಿ ಕೊಡಬ್ಯಾಡ್ರಿ ಸಾಹೇಬ್ರ! ಹಿಂದಿನ ದಿವಸ ನಾ ಉಪಾಸ ಮಾಡಿ ಬರ್ತೇನಿ.”