ಬೆಸ್ತರ ಅಜ್ಜನ ಚುಕ್ಕೆಮೀನು

ಕೆರೆಯ ಪಕ್ಕ ಮನೆ ಮಾಡಿದವನು ನಗುವುದಕ್ಕೆ ಬೇರೆ ಊರಿಗೆ ಹೋಗಬೇಕಾದ್ದಿಲ್ಲ. ಅರವತ್ತರ ದಶಕದಲ್ಲಿ ಕೊರಟಗೆರೆ ಸೀಮೆಯ ನಮ್ಮೂರಲ್ಲಿ ಬೆಸ್ತರ ಅಜ್ಜನೊಬ್ಬನಿದ್ದ. ನಾನು ಮೀನು ತಿನ್ನುವವನಲ್ಲ. ಆದರೂ ಬೆಳಗ್ಗೆ ಕೆರೆಯಲ್ಲಿ ಮಿಂದು, ಅವನ ನಾಲ್ಕು ಮಾತು ಕೇಳಿಯೇ ಪೂಜೆಗೆ ಕೂರುತ್ತಿದ್ದೆ.

ಸಾಹೇಬರ ಪುಸ್ತಕ

ಮೀನಿನ ಇಲಾಖೆಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಅಜ್ಜನ ಬಾನಿಯಲ್ಲಿ ಎರಡು ಮೀನಿದ್ದವು: ಒಂದು ಕೊರಮೀನು, ಇನ್ನೊಂದು ಬಾಲದ ಬುಡದಲ್ಲಿ ಕಣ್ಣಿನಂಥ ಚುಕ್ಕೆಯಿರುವ ಚುಕ್ಕೆಮೀನು.

“ಎರಡೂ ಒಂದೇ ಕುಲ. ಚುಕ್ಕೆಯದೇ ಯಾಕೆ ಕಮ್ಮಿ ಆಗ್ತಿದೆ?” ಎಂದರು.

“ದಾಯಾದಿಗಳು ಸಾಮಿ, ಗುಣ ಬ್ಯಾರೆ. ಕೊರಮೀನು ಕೆರೆ ಬತ್ತಿದ್ರೂ ಕೆಸರಾಗೆ ಕುಂತು ಮಳೆಗೆ ಎದ್ದು ಬತ್ತದೆ. ಇದು ಹೊಸ ಅಳಿಯ ಇದ್ದಂಗೆ. ಆಳದ ನೀರು ಕೊಡ್ದಿದ್ರೆ ನಿಲ್ಲಾಕಿಲ್ಲ.”

ಸಾಹೇಬರು ‘ಅಳಿಯ’ ಎಂಬುದನ್ನೂ ಪುಸ್ತಕದಲ್ಲಿ ಬರೆದುಕೊಂಡರು.

ಬಲೆಗೆ ಬಿದ್ದ ಸಂಸಾರ

ಒಮ್ಮೆ ಅಜ್ಜನ ಅಳಿಯ ಸಿರಾದಿಂದ ಬಂದಿದ್ದ. ಬಲೆಗೆ ದೊಡ್ಡ ಚುಕ್ಕೆಮೀನು ಬಿತ್ತು, ಸುತ್ತ ಕೆಂಪು ಮರಿಗಳ ಹಿಂಡು. ಅಜ್ಜ ಸದ್ದಿಲ್ಲದೆ ಬಲೆ ಸಡಿಲಿಸಿಬಿಟ್ಟ.

“ಅಳಿಯನಿಗೆ ಏನು ಬಡಿಸ್ಲಿ?” ಎಂದು ಹೆಂಡತಿ ರೇಗಿದಳು.

“ಹುರುಳಿ ಬೇಯ್ಸು. ಮರಿ ಕಾಯೋ ಜೀವಾನ ಎತ್ತಾಕಾಯ್ತದಾ?”

ದಡದಲ್ಲಿದ್ದ ಅಳಿಯ ಮೆಲ್ಲಗೆ ಅಂದ: “ಮಾವಾ, ನಂಗೂ ಮೂರು ಮಕ್ಕಳವೆ.”

ಅಮ್ಮನ ಅಪ್ಪಣೆ

ಮುಂದಿನ ಬೇಸಿಗೆಗೆ ಕೆರೆ ಬತ್ತಿತು. ತೂಬಿನ ಗುಂಡಿಯಲ್ಲಿ ಉಳಿದದ್ದು ಎರಡೇ ಚುಕ್ಕೆಮೀನು. ಅವೂ ಹೋದರೆ ನಮ್ಮೂರಿಗೆ ಆ ಸಂತಾನ ಮುಗಿದಂತೆ. ಮಾರಿದ್ದರೆ ಒಳ್ಳೆ ಬೆಲೆ ಬರುತ್ತಿತ್ತು. ಅಜ್ಜ ಎರಡನ್ನೂ ಬಾನಿಯಲ್ಲಿ ಹೊತ್ತು, ನಮ್ಮೂರ ದೇವತೆ ಅಮ್ಮನ ಗುಡಿಯ ಬತ್ತದ ಕಲ್ಯಾಣಿಗೆ ತಂದ. ನಾನೂ ಜೊತೆಗೆ ಹೋದೆ.

“ಬೇಟೆ ಆಡೋ ಮೀನು ದೇವರ ನೀರಿಗೆ ಬೇಡ ಕಣಯ್ಯಾ” ಎಂದರು ಪೂಜಾರಿಗಳು.

“ಕಲ್ಯಾಣಿ ಕಪ್ಪೆ ಏನು ಏಕಾದಶಿ ಮಾಡ್ತದಾ ಸಾಮಿ?”

ಪೂಜಾರಿಗಳು “ಅಮ್ಮನನ್ನೇ ಕೇಳೋಣ. ಬಲಗಡೆ ಹೂ ಬಿದ್ದರೆ ಅಪ್ಪಣೆ” ಎಂದು ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿ ನಿಂತರು. ಹೂ ಅಲುಗಲಿಲ್ಲ. ಬಿಸಿಲೇರಿತು. ಅಜ್ಜ ಕಲ್ಯಾಣಿಯ ಮೆಟ್ಟಿಲ ಮೇಲಿನ ಬಾನಿಗೆ ಟವೆಲ್ಲಿನಿಂದ ಗಾಳಿ ಹಾಕುತ್ತಲೇ ಇದ್ದ. ನಾನೂ ಮನಸ್ಸಿನಲ್ಲೇ ಅಮ್ಮನಿಗೆ ಕೈಮುಗಿದೆ.

ಅಷ್ಟರಲ್ಲಿ ಒಂದು ಮೀನು ಬಾನಿಯಿಂದ ನೆಗೆದು, ಮೂರು ಮೆಟ್ಟಿಲು ಉರುಳಿ, ದುಡುಂ ಎಂದು ನೀರಿಗೆ ಬಿತ್ತು.

ಕಣ್ಣು ತೆರೆಯದೆಯೇ ಪೂಜಾರಿಗಳು ಕೇಳಿದರು: “ಬಿತ್ತಾ?”

“ಬಿತ್ತು ಸಾಮಿ.”

“ಯಾವ ಕಡೆಗೆ?”

“ನೀರಿನ ಕಡೆಗೆ.”

ಪೂಜಾರಿಗಳು ತಿರುಗಿ ಕಲ್ಯಾಣಿ ನೋಡಿದರು, ಬಾನಿ ನೋಡಿದರು. “ಹಾಗಾದರೆ ಇನ್ನೊಂದಕ್ಕೂ ಕೇಳಬೇಕಲ್ಲ” ಎಂದರು.

ಅಜ್ಜ ಆಗಲೇ ಬಾನಿ ಬಗ್ಗಿಸಿದ್ದ. “ಗಂಡ ಹೋದ ಮನೆಗೆ ಹೆಂಡ್ತಿನ ಕಳ್ಸಾಕೂ ಅಮ್ಮನ್ನ ಎಬ್ಬಿಸ್ಬೇಕಾ ಸಾಮಿ?”