ಮಾವ ಕಟ್ಟಿದ ಮರದ ಬೇಲಿ

ಮರವನ್ನೂ ಕಬ್ಬಿಣವೆಂದೇ ತಿಳಿದ ಮನುಷ್ಯರನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಭದ್ರಾವತಿಯಲ್ಲಿದ್ದ ನನ್ನ ಸೋದರಮಾವನನ್ನು ನೋಡಬೇಕಿತ್ತು! ಜೀವಮಾನವಿಡೀ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವರು. ಅತ್ತೆ ಲಟ್ಟಿಸಿದ ಚಪಾತಿ ದುಂಡಗಿಲ್ಲದಿದ್ದರೆ "ರಿಜೆಕ್ಟ್ ಪೀಸ್" ಎಂದು ಪಕ್ಕಕ್ಕಿಟ್ಟು, ಕೊನೆಗೆ ಅದನ್ನೂ ತಿಂದೇ ಏಳುತ್ತಿದ್ದರು.

ಅತ್ತೆ ಅಂಗನವಾಡಿ ಟೀಚರು. ಒಂದು ವರ್ಷ ಅವರನ್ನು ಬಸ್ಸೇ ಹೋಗದ ಹಳ್ಳಿಗೆ ಹಾಕಿದರು. ಸೈಕಲ್ ಕಲಿಯಬೇಕು, ಇಲ್ಲವೇ ಕೆಲಸ ಬಿಡಬೇಕು. ನಲವತ್ತು ದಾಟಿದ ಮೇಲೆ ಹಿತ್ತಲಲ್ಲಿ ಲೇಡೀಸ್ ಸೈಕಲ್ ಹತ್ತಿದರು. ಹತ್ತಿದೊಡನೆ ದಾಸವಾಳದ ಗಿಡಗಳಾಚೆ ಪಕ್ಕದ ಮನೆಯ ಸರೋಜಮ್ಮ ಮೊರ ಹಿಡಿದು ಹಾಜರ್!

"ಅಕ್ಕಾ, ಬೆನ್ನು ನೆಟ್ಟಗೆ! ಅಯ್ಯೋ, ಬಿದ್ದೇಬಿಟ್ರಲ್ರೀ!"

ಅತ್ತೆ ಸೈಕಲನ್ನು ಗೋಡೆಗೊರಗಿಸಿದರು. "ಅವರ ಕಣ್ಣೆದುರು ಬೀಳೋಕೆ ನಂಗಾಗಲ್ಲ. ಕೆಲಸ ಬಿಡ್ತೀನಿ."

ಮಾವ ಸುಮ್ಮನಿದ್ದಾರೆಯೇ? ಮಾರನೆಯ ದಿನವೇ ಶಿವಮೊಗ್ಗದ ನಮ್ಮ ಮನೆಗೆ ಬಂದು, ನನ್ನನ್ನೂ ಎಳೆದುಕೊಂಡು ಮರ ಕೊಯ್ಯುವ ಸಾಮಿಲ್ಲಿಗೆ ಹೊರಟರು. ಆಗಷ್ಟೇ ಕೊಯ್ದ ನೀಲಗಿರಿ ಹಲಗೆಗಳು.

"ಸಾರ್, ಹಸಿ ಮರ. ಸ್ವಲ್ಪ ಒಣಗ್ಲಿ" ಎಂದ ಮಿಲ್ಲಿನವನು.

"ಒಣಗಿಸೋಕೆ ಅದೇನು ಸಂಡಿಗೆನಾ ಮಾರಾಯ? ಹೇರು!"

ಬೇಲಿ ಎದ್ದಿತು ನೋಡಿ, ಆಳಿಗಿಂತ ಎತ್ತರ! ಹಲಗೆಗೆ ಹಲಗೆ ಒತ್ತಿ ನಿಂತು, ನಡುವೆ ಬ್ಲೇಡೂ ತೂರದು. "ಇರುವೆ ದಾಟ್ಬೇಕಂದ್ರೂ ನನ್ನ ಗೇಟ್ ಪಾಸ್ ಬೇಕು" ಎಂದು ಮಾವ ಎದೆಯುಬ್ಬಿಸಿದರು. ಅತ್ತೆ ಮತ್ತೆ ಸೈಕಲ್ ಹತ್ತಿದರು.

ಬೇಸಿಗೆಯ ಬಿಸಿಲು ಏರಿತು. ಹಲಗೆಗಳು ಒಣಗಿ ಕುಗ್ಗಿ, ನಡುನಡುವೆ ಬೆರಳಗಲದ ಸಂದಿ! ಒಂದು ಬೆಳಿಗ್ಗೆ ಆ ಸಂದಿಯೊಳಗಿಂದಲೇ ದನಿ ಬಂತು: "ಅಕ್ಕಾ, ಹ್ಯಾಂಡಲ್ ಅಲ್ಲಾಡ್ತಿದೆ!"

ಅತ್ತೆ ಇಳಿದು ಒಳಗೆ ಹೋದರು. ಮಾವ ಹಲಗೆ ಸವರುತ್ತ ನಿಂತರು. "ಕಬ್ಬಿಣ ಒಂದಿನಾನೂ ನಂಗೆ ಹೀಗೆ ಮಾಡಿಲ್ಲ."

ಸಂದಿ ಮುಚ್ಚಲು ಮೇಲೆ ಮರದ ಪಟ್ಟಿ ಹೊಡೆಯಬೇಕು. ನಮ್ಮ ಕಡೆ ಬೇಲಿಯ ಕಂಬಗಳೆಲ್ಲ ಅಡ್ಡ. ಪಟ್ಟಿ ಕೂರುವುದು ಸರೋಜಮ್ಮನ ಕಡೆಯಿಂದಲೇ! ಮಾವ ಸುತ್ತಿಗೆ ಹಿಡಿದು ಅವರ ಹಿತ್ತಲಿಗೇ ಹೋದರು.

"ಏನಣ್ಣಾ, ನಾನು ನೋಡ್ಬಾರ್ದು ಅಂತ ಕಟ್ಟೋ ಬೇಲಿಗೆ ನಾನೇ ಪಟ್ಟಿ ಹಿಡೀಬೇಕಾ?"

"ಇನ್ಯಾರು ಹಿಡೀಬೇಕಮ್ಮ? ಯಾವ ಸಂದಿಯಿಂದ ಎಷ್ಟು ಕಾಣುತ್ತೆ ಅಂತ ನಿಮಗೇ ತಾನೇ ಗೊತ್ತಿರೋದು!"

ಸರೋಜಮ್ಮ ಬಿದ್ದು ಬಿದ್ದು ನಕ್ಕರು. ಪಟ್ಟಿ ಹಿಡಿದರು, ಕಾಫಿ ಕೊಟ್ಟರು. ಮಾವನ ಕಣ್ಣಿಗೆ ಬೀಳದ ಒಂದು ಸಂದಿಯನ್ನೂ ತಾವೇ ತೋರಿಸಿಕೊಟ್ಟರು!

ಆಮೇಲೆ ಬೇಲಿಯಾಚೆ ಸದ್ದೇ ಇಲ್ಲ. ಕೆಲವು ವಾರ ಕಳೆದ ಮೇಲೆ ಒಂದು ದಿನ ಮೆಲ್ಲಗೆ ಕೇಳಿಸಿತು: "ಅಕ್ಕಾ, ನಾನೇನೂ ನೋಡಿಲ್ಲಪ್ಪ. ಆದ್ರೆ ಇವತ್ತು ಬಿದ್ದ ಸದ್ದೇ ಬರ್ಲಿಲ್ವಲ್ಲ... ಕಲಿತ್ರಾ?"

"ಕಲಿತೆ ಕಣ್ರೀ!" ಅತ್ತೆ ಕೂಗಿದ್ದು ಇಡೀ ಬೀದಿಗೆ ಕೇಳಿಸಿತು.

ಸೋಮವಾರ ನಾನೂ ಅಲ್ಲಿದ್ದೆ. ಅತ್ತೆ ಗೇಟು ತೆರೆದು ರಸ್ತೆಗೇ ಇಳಿದರು. ಸೊಂಟಕ್ಕೆ ಸೆರಗು, ಎದುರಿಗೆ ಯಾರೂ ಇಲ್ಲದಿದ್ದರೂ ಟ್ರಿಣ್ ಟ್ರಿಣ್ ಬೆಲ್ಲು! ಮಾವ ಸೀಟು ಹಿಡಿದು ಹಿಂದೆ ಓಡಿದರು. ತಿರುವಿನಲ್ಲಿ ಕೈಬಿಟ್ಟರು. ಅತ್ತೆ ತಿರುಗಿಯೂ ನೋಡದೆ ಅಂಗನವಾಡಿಯ ದಾರಿ ಹಿಡಿದರು.

ಮಾವ ಎಷ್ಟು ಹೊತ್ತಾದರೂ ಬರಲಿಲ್ಲ. ನಾನೇ ಹೋಗಿ ನೋಡಿದೆ. ಖಾಲಿ ರಸ್ತೆಯನ್ನೇ ನೋಡುತ್ತ ನಿಂತಿದ್ದರು. ಬಲಗೈ ಮಾತ್ರ ಇನ್ನೂ ಸೀಟು ಹಿಡಿದ ಹಾಗೇ ಇತ್ತು.