ಬಣ್ಣ ಒಣಗುವ ಮುನ್ನವೇ ಕಪಾಟಿನ ಮೇಲೆ ಕುಳಿತ ಧೂಳಿನವರಿಗೆ

ಗಾಜಿಪುರ, ಕಲಬುರ್ಗಿ
ಫಸಲಿ ೧೩೩೩ರ ಬೇಸಿಗೆ

ಕಲಬುರ್ಗಿಯ ಓಣಿಗಳಿಂದ ಕಮಲಾಪುರದ ಅಗಸಿಯವರೆಗೆ ಯಾರ ಅಪ್ಪಣೆಯನ್ನೂ ಕೇಳದೆ ಸಂಚರಿಸುವ, ಕದ ಹಾಕಿದ್ದರೂ ಒಳಗಿರುವ, ಗುಡಿಸಲನ್ನೂ ಸುಭೇದಾರರ ಬಂಗಲೆಯನ್ನೂ ಒಂದೇ ಕಣ್ಣಿನಿಂದ ಕಾಣುವ ಧೂಳಿನವರ ಸನ್ನಿಧಿಗೆ, ಗುಮಾಸ್ತ ಸೂಗಪ್ಪ ಬಗ್ಗಿ ಮಾಡುವ ಸಲಾಮುಗಳು.

ಮಾನ್ಯರೇ,

ತಾವು ಕ್ಷೇಮದಿಂದಿರುವುದನ್ನು ಈ ಕಾಗದದ ಮೇಲೆ ಒಮ್ಮೆ ಬೆರಳೆಳೆದು ತಿಳಿದುಕೊಂಡೆ. ಆದುದರಿಂದ ಕುಶಲಪ್ರಶ್ನೆಯನ್ನು ಬಿಟ್ಟು ನೇರವಾಗಿ ಫಿರ್ಯಾದಿಗೆ ಬರುತ್ತೇನೆ.

ನನ್ನ ಒಬ್ಬಳೇ ಮಗಳು ಜಯದೇವಿಯನ್ನು ಕಮಲಾಪುರದ ಅಣವೀರಪ್ಪನವರ ಮನೆಗೆ ಕೊಟ್ಟಿರುವುದು ತಮಗೆ ಗೊತ್ತೇ ಇದೆ. ಮದುವೆಯ ಊಟದಲ್ಲಿ ಎಲ್ಲರ ಎಲೆಯ ಮೇಲೂ ತಾವಿದ್ದಿರಿ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ನನ್ನ ಕೈಯಾರೆ ಒಂದು ಕಪಾಟು ಮಾಡಿಕೊಡುವೆನೆಂದು ಅಂದು ಬೀಗರ ಮುಂದೆ ಹೇಳಿಬಿಟ್ಟೆ. ಅಣವೀರಪ್ಪನವರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ, "ಕಲಮ ಹಿಡಿಯೋ ಕೈಯಾಗ ಗರಗಸ ನಿಂದರ್ತದೇನ್ರೀ ಬೀಗರ? ಮಾಡ್ರಿ, ಮಾಡ್ರಿ. ನಾ ಅಂಗೈ ಆಡಿಸಿ ನೋಡೇ ಒಳಗ ತಗೋತೀನಿ" ಎಂದರು. ಪಂಕ್ತಿಯೆಲ್ಲ ನಕ್ಕಿತು. ಅಂಗೈ ಎಲ್ಲಿಯೂ ತಡೆಯದೆ ಜಾರುವಂತೆ ಮಾಡಿ ತರುವೆನೆಂದು ನಾನೂ ಮಾತು ಕೊಟ್ಟೆ. ಮಾತು ಕೊಟ್ಟವನು ಕಲಬುರ್ಗಿಯಲ್ಲಿರುತ್ತಾನೆ. ಅದು ಸುಳ್ಳಾದರೆ ಆ ಮನೆಯಲ್ಲಿದ್ದುಕೊಂಡು ದಿನವೂ ಕೇಳಬೇಕಾದವಳು ಜಯದೇವಿ. ಇದು ನನಗೆ ಮನೆಗೆ ಬಂದ ಮೇಲೆ ಹೊಳೆಯಿತು.

ಮರದ ಬಗ್ಗೆ ನನ್ನ ತಕರಾರಿಲ್ಲ. ಬೇವಿನ ಹಲಗೆಗಳು ಹೇಳಿದಂತೆ ಕೇಳಿದವು. ಗಂಟುಗಳಿದ್ದಲ್ಲಿ ಸೀಮೆಸುಣ್ಣದ ಪುಡಿಯನ್ನು ಅಗಸೆಎಣ್ಣೆಯಲ್ಲಿ ಕಲಸಿ ತುಂಬಿದೆ. ಒಣಗಿದ ಮೇಲೆ ಮರಳುಕಾಗದದಿಂದ ನಾರಿನ ಗುಂಟ ಉಜ್ಜಿದೆ, ಒದ್ದೆ ಅರಿವೆಯಿಂದ ಒರೆಸಿದೆ, ಮತ್ತೆ ಉಜ್ಜಿದೆ. ಮುಂಬಯಿಯಿಂದ ತರಿಸಿದ ಕೆನೆಬಣ್ಣವನ್ನು ಹಳೆಯ ಧೋತರದಲ್ಲಿ ಸೋಸಿ, ಕುಂಚವನ್ನು ಒಂದೇ ದಿಕ್ಕಿಗೆ ಎಳೆದೆ. ಬಣ್ಣ ತಾನೇ ಹರಡಿ, ಕುಂಚದ ಗೆರೆಗಳನ್ನೆಲ್ಲ ನುಂಗಿ, ಕಾಸಿಟ್ಟ ಹಾಲಿನಂತೆ ನಿಶ್ಚಲವಾಯಿತು. ಆ ಗಳಿಗೆಯಲ್ಲಿ ತಾವು ದಯಮಾಡಿಸಿದಿರಿ. ಇಷ್ಟು ವಿಶಾಲವಾದ ನಿಜಾಮರ ರಾಜ್ಯದಲ್ಲಿ ತಮಗೆ ಕೂರಲು ಬೇರೆ ಜಾಗ ಸಿಗಲಿಲ್ಲವೆಂಬುದು ನನಗೂ ನಾಚಿಕೆಯ ಸಂಗತಿ. ಎರೆಹೊಲಗಳ ಕರಿಯ ಕಣಗಳನ್ನು ಅಕ್ಕಸಾಲಿಗ ಹರಳು ಕೂಡಿಸಿದಂತೆ ಕೂಡಿಸಿ ಹೋಗಿದ್ದಿರಿ. ಒಂದೊಂದಕ್ಕೂ ಸುತ್ತ ಬಣ್ಣದ ಸಣ್ಣ ಕಟ್ಟೆ ಬೇರೆ.

ಎಲ್ಲವನ್ನೂ ಉಜ್ಜಿ ತೆಗೆದು, ಎರಡನೆಯ ಸಲ ಅಂಗಳಕ್ಕೆ ನೀರು ಹೊಡೆದು, ಕಪಾಟಿನ ಸುತ್ತ ಒದ್ದೆ ಸೀರೆಗಳನ್ನು ಕಟ್ಟಿದೆ. ಬಾಜೂ ಮನೆಯ ಬಂಡಿ ಹೊಡೆಯುವ ಕರೀಂಸಾಬ್ ಗೋಡೆಯ ಮೇಲಿಂದ ಇಣುಕಿ, "ಕಪಾಟಿಗಿ ಪರ್ದಾ ಕಟ್ಟೀರಲ್ರೀ ಸೂಗಪ್ಪನವರ, ನಿಕಾ ಯಾವಾಗ?" ಎಂದು ವಿಚಾರಿಸಿದ. ತಾವು ಆಗ ಗಾಳಿಯನ್ನು ಮುಂದೆ ಕಳಿಸಿದಿರಿ. ಸೀರೆ ಹಾರಿ ಬಣ್ಣಕ್ಕೆ ಅಂಟಿತು. ಬಿಡಿಸಿದಾಗ ನನ್ನ ಹೆಂಡತಿ ಕಸ್ತೂರಿಬಾಯಿಯ ಸೀರೆಯ ಅಂಚು ಬಲಗಡೆಯ ಕದದ ಮೇಲೆ ಸ್ಪಷ್ಟವಾಗಿ ಮೂಡಿತ್ತು.

ಮೂರನೆಯ ಸಲ ತಾವು ಸ್ವತಃ ಬರಲಿಲ್ಲ, ತಮ್ಮ ನೆಂಟರನ್ನು ಕಳಿಸಿದಿರಿ. ಧೂಳಿನ ಕುಲದಲ್ಲಿ ಹುಟ್ಟಿ, ಪುಣ್ಯದಿಂದ ಮೇಲೇರಿ, ಹಣೆಯ ಮೇಲೆ ಸ್ಥಾನ ಪಡೆದ ವಿಭೂತಿಯವರ ಮಾತು ಹೇಳುತ್ತಿದ್ದೇನೆ. ನಾನು ಕೈ ತೊಳೆದು ಬರುವುದರೊಳಗೆ ಕಸ್ತೂರಿಬಾಯಿ ಹಸಿಬಣ್ಣದ ಮೇಲೆ ಮೂರು ಬೆರಳು ಎಳೆದಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ, "ಹೊಸಾ ಸಾಮಾನಿಗಿ ವಿಭೂತಿ ಹಚ್ಚಲಾರದ ಹಂಗೇ ಬಿಡ್ತಾರೇನ್ರೀ? ಮಗಳ ಮನಿಗಿ ಹೋಗೂದದು!" ಎಂದು ನನ್ನನ್ನೇ ಗದರಿಸಿದಳು. ದೇವರ ಗುರುತನ್ನು ಮರಳುಕಾಗದದಿಂದ ಉಜ್ಜುವ ಪಾಪ ನನ್ನ ಪಾಲಿಗೆ ಬಂತು. ಕಸ್ತೂರಿಬಾಯಿ ಮಾರಿ ತಿರುಗಿಸಿ ನಿಂತಳು.

ಕೊನೆಗೆ ಅಡ್ಡಮಳೆಯೊಂದು ಬಂದು ತಮ್ಮನ್ನು ನೆಲಕ್ಕೆ ಕೂರಿಸಿತು. ಅದೇ ದಿನ ಕೊನೆಯ ಕೈ ಬಣ್ಣ ಕೊಟ್ಟೆ. ಸಂಜೆ ಅಂಗೈ ಇಟ್ಟೆ. ಮೇಲಿನಿಂದ ಕೆಳಗಿನವರೆಗೆ ಅದು ಎಲ್ಲಿಯೂ ನಿಲ್ಲಲಿಲ್ಲ. ಕಸ್ತೂರಿಬಾಯಿಯೂ ಇಟ್ಟು ನೋಡಿದಳು. ಮರುದಿನ ಮುಂಜಾನೆಯೇ ಮಗಳನ್ನು ಕಳಿಸುವ ಮುಹೂರ್ತ. ದಾರಿಯಲ್ಲಿ ತಾವು ಕಾದಿರುವಿರೆಂಬ ಒಂದೇ ಭಯದಿಂದ, ಒಳಗೊಳಗೆ ಇನ್ನೂ ಹಸಿಯಾಗಿದ್ದ ಆ ಕಪಾಟಿಗೆ ಹಳೆಯ ಅರಿವೆಯ ತುಂಡುಗಳನ್ನು ಕೂಡಿಸಿ ಹೊಲಿದ ಮನೆಯ ಕೌದಿಯನ್ನು ಸುತ್ತಿ, ಸಂದಿಲ್ಲದಂತೆ ಹಗ್ಗ ಬಿಗಿದು, ಕರೀಂಸಾಬನ ಬಂಡಿಯಲ್ಲಿಟ್ಟೆ. ಮಹಾಗಾಂವ ದಾಟಿದ ಮೇಲೆ ತಮ್ಮ ಕೆಂಪು ಶಾಖೆಯವರು ಅಧಿಕಾರ ವಹಿಸಿಕೊಂಡರು.

ಬೀಗರ ಪಡಸಾಲೆಯಲ್ಲಿ ಕೌದಿ ಬಿಚ್ಚಿದೆವು. ಕೌದಿಯ ಒಂದೊಂದು ಹೊಲಿಗೆಯೂ ಬಣ್ಣದೊಳಗೆ ಇಳಿದಿತ್ತು. ಒಂದೊಂದು ಹೊಲಿಗೆಯಲ್ಲೂ ತಾವು ಕೆಂಪಗೆ ಕುಳಿತಿದ್ದಿರಿ. ಅಣವೀರಪ್ಪನವರು ಅಂಗೈ ಇಟ್ಟು ನಿಧಾನವಾಗಿ ಎಳೆದರು. "ಬೀಗರ, ಕೈ ಜಾರವಲ್ದು. ನಡಕೋತ ಹೊಂಟದ" ಎಂದರು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನೆಲ ನೋಡಿದೆ. ಅಲ್ಲಿಯೂ ತಾವೇ.

ಹಿರಿಯರೆದುರು ಮಾತಾಡಬಾರದ ಹೊಸ ಸೊಸೆ ಕಪಾಟಿನ ಹತ್ತಿರ ಬಂದಳು. ಕದದ ಮೇಲೆ ಬೆರಳಿಟ್ಟು, "ಇದು ನಮ್ಮವ್ವನ ಹೊಲಿಗಿರೀ ಅತ್ತಿ. ಇಲ್ಲಿ ನನ್ನ ಸಣ್ಣಂದಿನ ಪರಕಾರದ ತುಂಡು ಬರ್ತದ. ಇದರ ಬಾಜೂಕ ಅಪ್ಪನ ಧೋತ್ರ" ಎಂದಳು. ನಗು ಅಲ್ಲಿಗೇ ನಿಂತಿತು. ಅವಳ ಅತ್ತೆ ಶಾರದಾಬಾಯಿ ಬಗ್ಗಿ ಆ ಗುರುತುಗಳನ್ನು ಬಹಳ ಹೊತ್ತು ನೋಡಿ, ಗಂಡನಿಗೆ, "ಸಾಕ ಬಿಡ್ರಿ ನಿಮ್ಮ ಚ್ಯಾಷ್ಟಿ. ಕಪಾಟ ಸೊಸಿ ಖೋಲ್ಯಾಗ ತಲಿದೆಸೀಗಿ ಇಡಸ್ರಿ. ತವರಮನಿ ಕೌದಿ ಅಲ್ಲೇ ಇರಲಿ" ಎಂದರು. ಅಣವೀರಪ್ಪನವರು ತಾವೇ ಒಂದು ಬದಿ ಹಿಡಿದು ಎತ್ತಿದರು.

ಇದರಿಂದ ನನ್ನ ಫಿರ್ಯಾದು ಖಾರಿಜಾಯಿತೆಂದು ತಾವು ತಿಳಿಯಬಾರದು. ಮುಂದೆ ಯಾರ ಮನೆಯಲ್ಲಾದರೂ ಬಣ್ಣದ ಡಬ್ಬಿ ತೆರೆದರೆ ತಾವು ಸಹಕುಟುಂಬ ಬೇರೆ ತಾಲ್ಲೂಕಿಗೆ ವರ್ಗವಾಗಿ ಹೋಗಬೇಕು; ಹೋಗಲಾಗದಿದ್ದರೆ ಬರುವ ಮುನ್ನ ಡಂಗುರ ಹೊಡೆಸಬೇಕು; ಕುಳಿತ ಕಣಗಳು ಏಳುವಾಗ ಬಣ್ಣವನ್ನು ಮೊದಲಿನಂತೆ ಸರಿಮಾಡಿ ಏಳಬೇಕು; ವಿಭೂತಿಯವರಿಗೆ ಬಣ್ಣ ಒಣಗುವವರೆಗೆ ಹಣೆಯ ಮೇಲೆಯೇ ಇರುವಂತೆ ತಿಳಿಹೇಳಬೇಕು.

ಒಂದು ಜಾಗಕ್ಕೆ ಮಾತ್ರ ಈ ಕಟ್ಟಳೆ ಬೇಡ. ಮೊನ್ನೆ ಆ ಕಡೆ ಬಾಡಿಗೆಗೆ ಹೋಗಿ ಬಂದ ಕರೀಂಸಾಬ್, "ಬೇಟಿ ದಿನಾ ಮುಂಜಾನಿ ಒಂದೊಂದ ಹೊಲಿಗ್ಯಾಗ ಬೆರಳ ಆಡಿಸಿ ಧೂಳ ತಗೀತಾಳ್ರೀ" ಎಂದು ಹೇಳಿದ. ಕಸ್ತೂರಿಬಾಯಿ ಅದನ್ನು ಅವನಿಂದ ಮತ್ತೊಮ್ಮೆ ಹೇಳಿಸಿಕೊಂಡಳು. ಆದುದರಿಂದ ಆ ಕದದ ಹೊಲಿಗೆಗಳಲ್ಲಿ ತಾವು ಒಂದು ದಿನವೂ ತಪ್ಪದೆ ಕೂರಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಎಷ್ಟು ಕೊಡವಿದರೂ ತಮ್ಮನ್ನು ಅಗಲದ
ತಮ್ಮ ವಿಶ್ವಾಸಿ,
ಸೂಗಪ್ಪ

ತಾ. ಕ.: ಶಾಯಿ ಹೀರಿಸುವ ಮರಳು ಮುಗಿದಿದ್ದುದರಿಂದ ಕಿಟಕಿಯ ಮೇಲಿದ್ದ ತಮ್ಮನ್ನೇ ಒಂದು ಚಿಟಿಕೆ ತೆಗೆದು ಈ ಪತ್ರದ ಮೇಲೆ ಉದುರಿಸಿದೆ. ಅಕ್ಷರಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಣಗಿದವು. ಒಣಗಿಸುವ ವಿದ್ಯೆ ತಮಗೆ ಇಷ್ಟು ಚೆನ್ನಾಗಿ ಬರುತ್ತಿದ್ದರೆ, ನನ್ನ ಅಂಗಳದಲ್ಲಿ ಮೂರು ಸಲವೂ ಅದನ್ನು ಮುಚ್ಚಿಟ್ಟುದೇಕೆ ಎಂಬುದಕ್ಕೆ ತಮ್ಮ ಜವಾಬು ಬರಬೇಕು. ಜವಾಬನ್ನು ಗಾಳಿಯ ಕೈಯಲ್ಲಿ ಕಳಿಸಬೇಡಿ. ಪಡಸಾಲೆಯ ಬಾಗಿಲಿಗೆ ಇಂದು ಬಣ್ಣ ಹಚ್ಚಿದ್ದೇನೆ.